ಹಂದಿ ಕಿತ್ತ ಬಂಡೆ

ಮುಳ್ಳುಹಂದಿ ಸತ್ತ ಮೇಲೆ ಅದರ ತೋಟ ಒಂದು ಕಾಡುಹಂದಿಯ ಪಾಲಿಗೆ ಬಂತು. ಹಂದಿ ತನ್ನ ನಾಲ್ಕು ಮರಿಗಳನ್ನು ದಿಬ್ಬದ ಕೆಳಗಿನ ತಗ್ಗಿನಲ್ಲಿ ಮಲಗಿಸಿ, ಬಂದ ದಿನವೇ ಕೆಲಸಕ್ಕಿಳಿಯಿತು. ಮಧ್ಯಾಹ್ನದೊಳಗೆ ದಿಬ್ಬದ ಪೊದೆಗಳನ್ನೆಲ್ಲ ಬೇರುಸಮೇತ ಕಿತ್ತೆಸೆದು, ಅಲ್ಲಿದ್ದ ದೊಡ್ಡ ಬಂಡೆಯ ಅಡಿಗೆ ಕೋರೆ ತೂರಿಸಿತು.

ಬಂಡೆಯಡಿ ವಾಸವಿದ್ದ ಮುದಿ ಕಪ್ಪೆ ಹೊರಗೆ ಬಂದಿತು.

“ಯಜಮಾನರೇ, ದಿಬ್ಬದ ಮಣ್ಣನ್ನು ತಡೆದಿರುವುದು ಈ ಬಂಡೆ. ಒಂದು ಮಳೆಗಾಲ ಇಲ್ಲಿದ್ದು ನೋಡಿ, ಆಮೇಲೆ ಇದಕ್ಕೆ ಕೈಹಾಕಿ.”

“ನೋಡುತ್ತ ಕೂರಲು ನಾನು ತೋಟ ಪಡೆದದ್ದಲ್ಲ, ಅಜ್ಜ. ಮಕ್ಕಳಿಗೆ ಓಡಾಡಲು ಜಾಗ ಬೇಕು.”

“ಹಾಗಾದರೆ ಮೊದಲು ಆ ಮಕ್ಕಳನ್ನಾದರೂ ಅಲ್ಲಿಂದ ಎಬ್ಬಿಸಿ.”

“ಈಗಷ್ಟೇ ನಿದ್ದೆ ಹತ್ತಿದೆ. ಇದು ಒಂದು ಗಳಿಗೆಯ ಕೆಲಸ,” ಎಂದ ಹಂದಿ ಮೈಯ ಬಲವನ್ನೆಲ್ಲ ಹಾಕಿ ಬಂಡೆಯನ್ನು ಮೀಟಿತು.

ಬಂಡೆ ಪಕ್ಕಕ್ಕೆ ಉರುಳಿತು. ಅದರ ಹಿಂದೆಯೇ ದಿಬ್ಬದ ಮಣ್ಣು ಕುಸಿದು ತಗ್ಗನ್ನು ತುಂಬಿತು.

ಹಂದಿ ಮರಿಗಳನ್ನು ಕೂಗುತ್ತ ಮೂರು ದಿನ ಆ ಮಣ್ಣನ್ನು ಬಗೆಯಿತು. ಕಪ್ಪೆಯೂ ಅದರ ಪಕ್ಕದಲ್ಲಿ ಕೂತು ತನ್ನ ಪುಟ್ಟ ಕಾಲುಗಳಿಂದ ಮಣ್ಣು ಸರಿಸುತ್ತಿತ್ತು.