ಗಜಪತಿಯ ಗಂಟಲು

ಮೇಜಿನ ಮೇಲಿನ ಆಟದ ರೈಲ್ವೆಗೆ ಸದ್ದು ಮಾಡುವ ಹೊಸ ಡೀಸೆಲ್ ಎಂಜಿನ್ ಬಂತು. ಪ್ಲಾಸ್ಟಿಕ್ ಸ್ಟೇಷನ್ ಮಾಸ್ಟರು ಪರೀಕ್ಷಿಸಿ ಒಪ್ಪಿದರೆ ಹಳಿ, ಇಲ್ಲದಿದ್ದರೆ ಮತ್ತೆ ಡಬ್ಬಿ.

ಎಂಜಿನ್ ಗುಡುಗಿ ಹಾರ್ನ್ ಹೊಡೆಯಿತು.

“ಭಲೆ! ಅಂಗೈಯಗಲದ ಮೈಗೆ ಇದು ಯಾರ ಗಂಟಲಯ್ಯಾ?”

“ಗಜಪತಿ ಎಂಬ ನಿಜವಾದ ಎಂಜಿನ್ನಿನದು, ಸ್ವಾಮಿ. ಗುಜರಿಗೆ ಹೋಗುವ ಮುನ್ನಾದಿನ ಅವನ ಸದ್ದು ಹಿಡಿದು ನನ್ನೊಳಗೆ ತುಂಬಿದರು. ಅವನಿಗಿನ್ನು ಅದು ಯಾಕೆ ಬೇಕು, ಹೇಳಿ?”

“ಅದೂ ಸರಿಯೇ. ಹಳಿ ನಿನಗೇ. ರಿಜಿಸ್ಟರಿಗೆ ನಿನ್ನ ಹೆಸರು ಹೇಳು.”

“ಗಜಪತಿ.”

“ಅದು ಸತ್ತವನದು. ನಿನ್ನದು?”

“ಗಜಪತಿ,” ಎಂದಿತು ಎಂಜಿನ್, ಈ ಸಲ ಇನ್ನೂ ಸಮಾಧಾನವಾಗಿ.

“ಹಾಗಾದರೆ ಇಷ್ಟು ಹೊತ್ತು ನನ್ನ ಜೊತೆ ಮಾತಾಡಿದವನೆಲ್ಲಿ?”

“ಇಲ್ಲಿ ಬೇರೆ ಯಾರೂ ಇರಲಿಲ್ಲವಲ್ಲ, ಮಾಸ್ಟರೇ,” ಎಂದು ಗಜಪತಿ ಹಳಿ ಹತ್ತಿ ಹೊರಟ.