ಪ್ರಸಾದ ತಲುಪಿದ ದಾರಿ

ರುದ್ರಯ್ಯ ಮೇಷ್ಟ್ರು ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುವವರು. ಶಿವಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡೇ ಪಾಠಕ್ಕೆ ಕೂರುತ್ತಿದ್ದರು. ಅವರ ಶಿಷ್ಯೆ ಮಂದಾಕಿನಿ ಊರಿನ ಶಿವಾಲಯಕ್ಕೆ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದಳು. ಅದರಲ್ಲಿ ಪೂಜೆಗೊಂದು ಕ್ಲಾಸು, ಭಕ್ತರಿಗೊಂದು ಕ್ಲಾಸು; ಕ್ಲಾಸೆಂದರೆ ವಿವರಗಳ ಅಚ್ಚು, ಆ ಅಚ್ಚಿನಿಂದ ಒಬ್ಬೊಬ್ಬರಿಗೂ ತಯಾರಾಗುವ ದಾಖಲೆಯೇ ಆಬ್ಜೆಕ್ಟ್. ಯಾರ ಹೆಸರಲ್ಲಿ ಪೂಜೆಯೋ ಅವರ ವಿಳಾಸದ ಚೀಟಿ ಸೋಮವಾರ ಹೊರಬರುವುದು, ಪ್ರಸಾದ ಆ ಮನೆಗೆ ಹೋಗುವುದು.

ಒಂದು ದಿನ ಪಾಠದ ಹೊತ್ತಿಗೆ ಪುಟ್ಟಮಲ್ಲಮ್ಮ ಎಂಬ ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಮಂದಾಕಿನಿಯ ಬಳಿ ಬಂದರು.

“ಮೂರು ಸೋಮವಾರ ಆಯ್ತು ಕಣವ್ವ, ಪ್ರಸಾದ ಬಂದಿಲ್ಲ. ಶಿವನಿಗೆ ನಾನು ಬೇಡವಾದೆನೇನೋ.”

“ಮನೆ ಬದಲಾಯಿಸಿದಿರಾ ಅಜ್ಜಿ?”

“ಹೂಂ, ಮಗಳ ಮನೆಗೆ ಬಂದೆ. ದೇವಸ್ಥಾನದಲ್ಲಿ ಹೊಸ ವಿಳಾಸ ಬರೆಸಿದೀನಲ್ಲ!”

ಮಂದಾಕಿನಿ ಪ್ರೋಗ್ರಾಂ ತೆರೆದು ನೋಡಿದಳು. ಅಜ್ಜಿಯ ಆಬ್ಜೆಕ್ಟ್‌ನಲ್ಲಿ ಹೊಸ ವಿಳಾಸವೇ ಇತ್ತು.

“ಪ್ರೋಗ್ರಾಂ ಸರಿಯಾಗಿದೆ ಸಾರ್.”

ಮೇಷ್ಟ್ರು ನಕ್ಕರು. “ಹಾಗಾದರೆ ಈ ಸೋಮವಾರ ಚೀಟಿ ಹಿಡಿದು ನೀನೇ ಹೋಗಿ ಬಾ ತಾಯಿ.”

ಚೀಟಿ ಅವಳನ್ನು ಅಜ್ಜಿ ಬಿಟ್ಟ ಹಳೇ ಮನೆಗೇ ಕರೆದೊಯ್ದಿತು. ಅಲ್ಲಿ ಬಾಡಿಗೆಗೆ ಬಂದಿದ್ದ ಕೆಂಚೇಗೌಡರು ಬಾಗಿಲು ತೆರೆದರು. ಕೈಯಲ್ಲಿ ತಟ್ಟೆ ಸಿದ್ಧವಾಗಿತ್ತು!

“ಬಾರಮ್ಮ, ಇವತ್ತು ತಡ ಆಯ್ತಲ್ಲ? ಪುಳಿಯೋಗರೆ ಅಂದರೆ ಅಮೃತ! ಈ ಊರಲ್ಲಿ ಹೊಸಬರಿಗೆಲ್ಲ ಹೀಗೇ ಕೊಡ್ತೀರಾ?”

ಮಂದಾಕಿನಿ ತಲೆ ತಗ್ಗಿಸಿಕೊಂಡು ಗುರುಗಳ ಬಳಿ ಬಂದಳು.

“ಪೂಜೆಯ ಕ್ಲಾಸಿನಲ್ಲೂ ವಿಳಾಸ ಬರೆದಿಟ್ಟಿದ್ದೆ ಸಾರ್, ಬೇಗ ಸಿಗಲಿ ಅಂತ. ಅಜ್ಜಿ ಮನೆ ಬದಲಾಯಿಸಿದರು, ಆ ನಕಲು ಬದಲಾಗಲಿಲ್ಲ.”

“ಅಜ್ಜಿ ಮನೆ ಎಲ್ಲಿ ಅಂತ ಪೂಜೆಗೆ ಯಾಕಮ್ಮ? ಅಜ್ಜಿ ಯಾರು ಅಂತ ಗೊತ್ತಿದ್ದರೆ ಸಾಕು. ಮನೆ ಎಲ್ಲಿ ಅಂತ ಅಜ್ಜಿಯನ್ನೇ ಕೇಳು.”

ಮಂದಾಕಿನಿ ಪೂಜೆಯ ಕ್ಲಾಸಿನಿಂದ ವಿಳಾಸ ಅಳಿಸಿದಳು. ಆ ಜಾಗದಲ್ಲಿ ಭಕ್ತರ ಆಬ್ಜೆಕ್ಟ್‌ಗೆ ಕೊಂಡಿ ಹಾಕಿದಳು. ಈಗ ಪ್ರೋಗ್ರಾಂ ಪೂಜೆಯಿಂದ ಭಕ್ತರ ಬಳಿಗೆ ಹೋಗಿ, ಅವರಿಂದ ವಿಳಾಸ ಕೇಳಿಕೊಳ್ಳತೊಡಗಿತು.

ಮುಂದಿನ ಸೋಮವಾರ ಅಜ್ಜಿ ಪ್ರಸಾದವನ್ನು ಕಣ್ಣಿಗೊತ್ತಿಕೊಂಡರು. “ನೋಡಿದೆಯಾ ಮಗಳೇ, ಹೊಸ ಮನೆ ಹುಡುಕ್ಕೊಂಡು ಬಂದ ನನ್ನ ಶಿವ!”

ಅದೇ ಸಂಜೆ ಕೆಂಚೇಗೌಡರು ಖಾಲಿ ತಟ್ಟೆ ಹಿಡಿದು ದೇವಸ್ಥಾನಕ್ಕೇ ಬಂದುಬಿಟ್ಟರು. “ನನ್ನ ಹೆಸರಲ್ಲೂ ಒಂದು ಪೂಜೆ ಬರ್ಕೊಳ್ಳಿ ಸ್ವಾಮಿ. ನಾಲಿಗೆಗೆ ರೂಢಿಯಾಗಿಬಿಟ್ಟಿದೆ!”

ಅಲ್ಲೇ ಇದ್ದ ಮೇಷ್ಟ್ರು ಶಿಷ್ಯೆಯ ಕಡೆ ತಿರುಗಿದರು. “ಹೊಸ ಭಕ್ತರು ಬಂದರು, ಹೊಸ ಆಬ್ಜೆಕ್ಟ್ ಮಾಡು ತಾಯಿ. ವಿಳಾಸ ಮಾತ್ರ ಒಂದೇ ಕಡೆ!”

ನೀತಿ: ಬಲ್ಲವರ ಮಾತನ್ನು ಒಮ್ಮೆ ನಕಲು ಮಾಡಿಟ್ಟುಕೊಂಡರೆ ಅದು ಹಳತಾಗುತ್ತದೆ. ಬಲ್ಲವರೊಡನೆ ನಂಟು ಇಟ್ಟುಕೊಂಡರೆ ಎಂದೂ ದಾರಿ ತಪ್ಪುವುದಿಲ್ಲ.