ಬರ್ಲಿ ಬರ್ಲಿ ತಿರುವು

ಆಸ್ಟ್ರೇಲಿಯದ ಒಳನಾಡಿನಲ್ಲಿ, ಟಾರ್ಪಿನ್ ಎಂಬ ಒಂಟಿ ಪೆಟ್ರೋಲ್ ಬಂಕಿಗೆ ಹೋಗುವ ಕೆಂಪು ಮಣ್ಣಿನ ರಸ್ತೆ ಒಂದು ಕಡೆ ಗುಡ್ಡದ ನೆತ್ತಿಯಿಂದ ಸರಕ್ಕನೆ ಕೆಳಕ್ಕೆ ಇಳಿಯುತ್ತದೆ. ಒಂದು ಪಕ್ಕಕ್ಕೆ ಬಂಡೆಯ ಗೋಡೆ, ಇನ್ನೊಂದು ಪಕ್ಕಕ್ಕೆ ಏನೂ ಇಲ್ಲ, ಬರೀ ಗಾಳಿ. ಇಳಿಜಾರು ಶುರುವಾಗುವಲ್ಲಿ ಬಂಡೆಯನ್ನು ಸ್ವಲ್ಪ ಕೊರೆದು, ಒಂದು ಗಾಡಿ ಪಕ್ಕಕ್ಕೆ ಸರಿದು ನಿಲ್ಲುವಷ್ಟು ಜಾಗ ಮಾಡಿದ್ದಾರೆ. ಅಲ್ಲಿ ಅರ್ಧ ಹೂತ ಲಾರಿ ಟೈರೊಂದು ಸುಣ್ಣ ಬಳಿದುಕೊಂಡು ನಿಂತಿದೆ. ಆ ಜಾಗಕ್ಕೆ ಬರ್ಲಿ ಬರ್ಲಿ ಎಂದು ಹೆಸರು. ಇದು ಆ ನೆಲದ ಮೂಲಜನರ ಭಾಷೆಯ ಮಾತೆಂದು ಕೆಲವರು ಬರೆದಿದ್ದಾರೆ, ಅದು ತಪ್ಪು. ಗುಡ್ಡಕ್ಕೆ ಆ ಜನ ಇಟ್ಟ ಹೆಸರು ಬೇರೆಯೇ ಇದೆ. ಅದು ಬಹಳ ಹಳೆಯದು, ಅದರ ಕಥೆ ಅವರದು, ಅದನ್ನು ಹೇಳುವ ಹಕ್ಕೂ ಅವರದೇ. ಇಲ್ಲಿ ಹೇಳುತ್ತಿರುವುದು ಪಕ್ಕಕ್ಕೆ ಸರಿಯುವ ಆ ತುಂಡು ಜಾಗದ ಹೆಸರಿನ ಕಥೆ ಮಾತ್ರ. ಆ ಹೆಸರು ಕನ್ನಡದ್ದು, ಅದರಲ್ಲೂ ಬಸ್ ಸ್ಟ್ಯಾಂಡಿನ ಕನ್ನಡದ್ದು.

ಹಿಂದೆ ಒಮ್ಮೆ, ಇಪ್ಪತ್ತು ವರ್ಷವಾಯಿತು ಎನ್ನುವವರಿದ್ದಾರೆ, ಮೂವತ್ತು ಎನ್ನುವವರೂ ಇದ್ದಾರೆ, ನಂಜನಗೂಡು ಕಡೆಯ ಒಂದು ಸಂಸಾರ ಮೆಲ್ಬರ್ನಿನಿಂದ ಕಾರಿನ ಹಿಂದೆ ಕ್ಯಾರವಾನ್ ಎಂಬ ಚಕ್ರದ ಮನೆ ಎಳೆದುಕೊಂಡು ಆ ದಾರಿಯಲ್ಲಿ ಬಂತು. ಗಂಡ ಪಂಚಾಕ್ಷರಿ, ಹೆಂಡತಿ ಸರ್ವಮಂಗಳಾ, ಗಂಡನ ತಾಯಿ ಚೆನ್ನಾಜಮ್ಮ. ಪಂಚಾಕ್ಷರಿಗೆ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲು ವಾಪಸ್ಸು ಕಳಿಸುವ ಮನುಷ್ಯ. ಮನೆಯಲ್ಲೂ ಅದೇ ಪದ್ಧತಿ. ಪಾತ್ರೆ ಕಟ್ಟಿದ ಹಗ್ಗದ ಗಂಟಿಗೂ ಅವನಲ್ಲಿ ಒಂದು ಕ್ರಮವಿತ್ತು. ಸರ್ವಮಂಗಳೆ ಇದನ್ನೆಲ್ಲ ನಗುತ್ತಲೇ ಸಹಿಸಿಕೊಂಡು ಬಂದವಳು. ಕೆಂಪು ನೆಲ, ಬೂದು ಪೊದೆ, ಗಾಡಿಯ ಜೊತೆ ಪಂದ್ಯ ಕಟ್ಟಿದಂತೆ ಓಡುವ ಎಮು ಹಕ್ಕಿಗಳು, ಇವನ್ನು ನೋಡುತ್ತ ಅವಳು ಕಿಟಕಿಗೆ ಅಂಟಿಕೊಂಡು ಕೂತಿದ್ದಳಂತೆ. ಚೆನ್ನಾಜಮ್ಮನಂತೂ ಕಂಡ ಕಾಂಗರೂಗಳಿಗೆಲ್ಲ ಕೈಮುಗಿದು, "ನೋಡೇ ಮಂಗಳ, ಹೊಟ್ಟೇಲೇ ಜೋಳಿಗೆ ಕಟ್ಕೊಂಡ್ ಬಂದಿದಾವೆ" ಎಂದು ಆನಂದಪಡುತ್ತಿದ್ದರು.

ಕೆಟ್ಟದ್ದು ರಾಜ್ಯದ ಗಡಿಯಲ್ಲಿ. ಹಣ್ಣು, ಸೊಪ್ಪು, ಗಿಡ ಯಾವುದನ್ನೂ ಗಡಿ ದಾಟಿಸಬಾರದೆಂದು ಅಲ್ಲಿ ಕಾನೂನು. ಬೆಳೆಗೆ ಹುಳು ಬಿದ್ದೀತೆಂಬ ಭಯ, ನ್ಯಾಯವಾದ ಭಯವೇ. ಸರ್ವಮಂಗಳೆ ಮನೆಯ ಕಿಟಕಿಯಲ್ಲಿ ಮಗುವಿನಂತೆ ಸಾಕಿದ್ದ ಕರಿಬೇವಿನ ಗಿಡವನ್ನು, ತಿಂಗಳುಗಟ್ಟಲೆ ನೀರಿಲ್ಲದೆ ಸತ್ತೀತೆಂದು, ಕುಂಡದ ಸಮೇತ ಕ್ಯಾರವಾನಿನಲ್ಲಿಟ್ಟುಕೊಂಡಿದ್ದಳು. ಒಗ್ಗರಣೆಗೆ ಅದರಿಂದಲೇ ಎಲೆ ಕೀಳುತ್ತಿದ್ದರು. ಗಡಿಯ ಅಧಿಕಾರಿ ಬಗ್ಗಿ ನೋಡುವ ಮೊದಲೇ ಪಂಚಾಕ್ಷರಿ ಇಳಿದು ಹೋಗಿ ಗಿಡವನ್ನು ತಾನೇ ತಂದು ಮೇಜಿನ ಮೇಲಿಟ್ಟ. ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. "ಇದು ನನ್ನ ಹೆಂಡತಿಯದು" ಎಂದುಬಿಟ್ಟ. ಅಧಿಕಾರಿ ಅವಳ ಕಡೆ ನೋಡಿದ. ಗಿಡ ಕಸದ ತೊಟ್ಟಿಗೆ ಹೋಯಿತು. ಸರ್ವಮಂಗಳೆ ಮುಂದಿನ ಸೀಟಿನಿಂದ ಇಳಿದು ಹಿಂದಿನ ಸೀಟಿಗೆ ಹೋಗಿ ಕೂತಳು, ಗಂಡನ ಜೊತೆ ಮಾತು ಬಿಟ್ಟಳು. ಅವನೂ ಬಿಟ್ಟ. ಮೊದಲು ಬಾಯಿ ತೆರೆದವರು ಸೋತ ಹಾಗೆ. ಟಾರ್ಪಿನ್ ತಲುಪುವುದರೊಳಗೆ ಅವನಾಗಿ ಮಾತಾಡದಿದ್ದರೆ ಅಲ್ಲಿಂದ ಬಸ್ಸು ಹತ್ತಿ ಮನೆಗೆ ಹೋಗಿಬಿಡುವುದೆಂದು ಅವಳು ಮನಸ್ಸಿನಲ್ಲೇ ತೀರ್ಮಾನ ಮಾಡಿದಳು.

ಮಾತು ಬಿಟ್ಟ ಗಂಡಹೆಂಡಿರು ಮೂರನೆಯವರ ಬಾಯಿಂದ ಮಾತಾಡುವುದು ನಮ್ಮಲ್ಲಿ ಹೊಸದೇನಲ್ಲ. ಆ ಮೂರನೆಯವರು ಇಲ್ಲಿ ಚೆನ್ನಾಜಮ್ಮ. ಮುಂದಿನ ಸೀಟಿಗೆ ಬಡ್ತಿ ಪಡೆದ ಅವರು ಈ ಕೆಲಸವನ್ನು ಬಲು ಮುತುವರ್ಜಿಯಿಂದ ಮಾಡಿದರು. ದೋಷವೆಂದರೆ, ಹೇಳಿದ ಮಾತನ್ನು ಹೇಳಿದ ಹಾಗೆ ಅವರು ಎಂದೂ ದಾಟಿಸಿದವರಲ್ಲ. "ಅತ್ತೆ, ನಿಮ್ಮ ಮಗನಿಗೆ ಅನ್ನ ಬೇಕಾದ್ರೆ ಬಡಿಸ್ಕೊಳ್ಳೋಕೆ ಹೇಳಿ" ಎಂದು ಸೊಸೆ ಅಂದರೆ, "ಬಿಸಿಯಾಗಿದೆ, ಆರೋದ್ರೊಳಗೆ ಉಣ್ಲಿ ಅಂತಾಳೆ ಕಣಪ್ಪ, ಪಾಪ" ಎಂದು ಅದಕ್ಕೆ ಬೆಲ್ಲ ಸೇರಿಸಿ ಕೊಡುತ್ತಿದ್ದರು. ಮಗ "ಉಪ್ಪು ಜಾಸ್ತಿ" ಎಂದರೆ ಸೊಸೆಗೆ ತಲುಪುವಾಗ ಅದು "ಎಷ್ಟು ರುಚಿ ಅಂದ ಗೊತ್ತಾ" ಆಗಿರುತ್ತಿತ್ತು. ಗಾಡಿ ಓಡುವಾಗಲಂತೂ ಮಣ್ಣುರಸ್ತೆಯ ಗಡಗಡದಲ್ಲಿ ಹಿಂದಿನ ಸೀಟಿನ ಮಾತು ಮುಂದಕ್ಕೆ ಕೇಳದು, ಮುಂದಿನದು ಹಿಂದಕ್ಕೆ ಕೇಳದು. ಚೆನ್ನಾಜಮ್ಮನ ರಾಜ್ಯಭಾರಕ್ಕೆ ಎದುರೇ ಇರಲಿಲ್ಲ.

ಆ ರಸ್ತೆಗಳಲ್ಲಿ ಗಾಡಿಗಾಡಿಗಳ ನಡುವೆ ಮಾತಾಡಲು ರೇಡಿಯೊ ಇಟ್ಟುಕೊಳ್ಳುತ್ತಾರೆ. ಲಾರಿಯವರೆಲ್ಲ ಕೇಳುವುದು ಒಂದೇ ಚಾನೆಲ್ಲು. ಪಂಚಾಕ್ಷರಿ ಡ್ಯಾಶ್‌ಬೋರ್ಡಿಗೆ ಒಂದನ್ನು ಹಾಕಿಸಿದ್ದ, ಕೈಯಲ್ಲಿ ಹಿಡಿಯುವಂಥದ್ದು ಇನ್ನೊಂದು ಹೆಂಡತಿಯ ಹತ್ತಿರವಿತ್ತು. ಅದನ್ನು ಯಾವಾಗಲೂ ಆನ್ ಮಾಡಿಟ್ಟಿರಬೇಕೆಂಬುದು ಅವನದೇ ನಿಯಮ. ಆದರೆ ಆ ದಿನ ಬೆಳಿಗ್ಗೆ ಯಾರೋ ಲಾರಿಯವನು ಇನ್ನೊಬ್ಬನ ಅಪ್ಪನ ಮೇಲೆ, ಅಮ್ಮನ ಮೇಲೆ ಕೊಳಕು ಬೈಗುಳಗಳನ್ನು ಸುರಿಸತೊಡಗಿದ. ತಾಯಿಯ ಮುಂದೆ ಇಂಥದ್ದು ಸಲ್ಲದೆಂದು ಪಂಚಾಕ್ಷರಿ ಮುಂದಿನ ರೇಡಿಯೊ ಆರಿಸಿಬಿಟ್ಟ. ಚೆನ್ನಾಜಮ್ಮನಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ಯಾರೋ ಪಾಪದವನು ವಾರ್ತೆ ಓದುತ್ತಿದ್ದಾನೆಂದುಕೊಂಡಿದ್ದರು.

ಗುಡ್ಡದ ನೆತ್ತಿ ಹತ್ತಿರವಾದಾಗ ಸರ್ವಮಂಗಳೆಯ ಕೈಯಲ್ಲಿದ್ದ ರೇಡಿಯೊದಲ್ಲಿ ಒಬ್ಬ ಹೆಂಗಸಿನ ದನಿ ಬಂತು. ಗ್ಲೆನಿಸ್ ಎಂಬ ಡ್ರೈವರು. ಮೂರು ಟ್ರೇಲರಿನ ತುಂಬ ದನ ಹೇರಿಕೊಂಡು ಕೆಳಗಿನಿಂದ ಏರು ಹತ್ತುತ್ತಿದ್ದೇನೆ, ಮೇಲಿರುವವರು ಮೇಲೇ ನಿಂತಿರಿ, ಏರಿನಲ್ಲಿ ನಾನು ನಿಂತರೆ ಮತ್ತೆ ಹೊರಡಲಾರೆ, ಎಂದಳು. ಸರ್ವಮಂಗಳೆ ಅತ್ತೆಯ ಕಿವಿಗೆ ಬಾಗಿ, "ಕೆಳಗಿಂದ ದೊಡ್ಡ ಲಾರಿ ಬರ್ತಿದೆಯಂತೆ. ಇಲ್ಲೇ ನಿಲ್ಲಿಸೋಕೆ ಹೇಳಿ" ಎಂದಳು. ಚೆನ್ನಾಜಮ್ಮ ಮಗನ ಕಡೆ ತಿರುಗಿದರು.

"ಪಂಚಾ, ಬೆಳಿಗ್ಗೆಯಿಂದ ಓಡಿಸ್ತಿದೀಯ, ಸುಸ್ತಾಗಿರುತ್ತೆ, ಚೂರು ನಿಲ್ಲಿಸಿ ಸುಧಾರಿಸ್ಕೊಳ್ಳಿ ಅಂತಾಳೆ ಕಣೋ. ಎಷ್ಟಾದ್ರೂ ಹೆಂಡ್ತಿ."

"ನನಗೇನೂ ಸುಸ್ತಿಲ್ಲ ಅಂತ ಹೇಳು" ಎಂದ ಪಂಚಾಕ್ಷರಿ. ಗಾಡಿ ಪಕ್ಕಕ್ಕೆ ಸರಿದು ನಿಲ್ಲುವ ಜಾಗವನ್ನು ದಾಟಿ ಇಳಿಜಾರಿಗೆ ಮೂತಿ ಹಾಕಿಯೇಬಿಟ್ಟಿತು.

ಹಿಂದಿನ ಸೀಟಿನಲ್ಲಿ ಸರ್ವಮಂಗಳೆಗೆ ಮೈಯೆಲ್ಲ ಉರಿಯಿತು. ನನ್ನ ಮೇಲಿನ ಹಟಕ್ಕೆ ಮೂವರ ಜೀವವನ್ನೂ ಒತ್ತೆಯಿಟ್ಟನಲ್ಲ ಎಂದುಕೊಂಡಳು. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಕೆಂಪು ಧೂಳು ಎದ್ದಿತು. ಧೂಳಿನೊಳಗಿಂದ ದನಗಳ ಕೂಗು ಕೇಳಿತು. ಪಂಚಾಕ್ಷರಿ ಬ್ರೇಕು ಒತ್ತಿದ. ಇನ್ನು ಉಳಿದದ್ದು ಒಂದೇ ದಾರಿ, ಕ್ಯಾರವಾನನ್ನು ಹಿಂದಕ್ಕೆ ತಳ್ಳಿಕೊಂಡು ಆ ಜಾಗಕ್ಕೆ ಸೇರಿಸುವುದು. ಹಿಂದಕ್ಕೆ ಬಿಡುವಾಗ ಕ್ಯಾರವಾನ್ ಎಂದರೆ, ಸ್ಟೀರಿಂಗು ಒಂದು ಕಡೆ ತಿರುಗಿಸಿದರೆ ಅದು ಇನ್ನೊಂದು ಕಡೆ ಹೋಗುವ ಪ್ರಾಣಿ. ಸರ್ವಮಂಗಳೆ ರೇಡಿಯೊ ಹಿಡಿದು ಇಳಿದು ಹಿಂದಕ್ಕೆ ಓಡಿದಳು. ಅವನು ಮುಂದಿನ ರೇಡಿಯೊ ಹಾಕಿದ. ಎರಡೂ ಲಾರಿಯವರ ಚಾನೆಲ್ಲಿನಲ್ಲೇ ಇದ್ದವು. ಅದನ್ನು ಬದಲಿಸಲು ಇಬ್ಬರಿಗೂ ತೋಚಲಿಲ್ಲ.

ಇಷ್ಟಾದರೂ ರೇಡಿಯೊದಲ್ಲಿ ಅವಳ ಬಾಯಿಂದ ಬಂದದ್ದು, "ಅತ್ತೆ, ಬಲಕ್ಕೆ ಎಳೀಬೇಕು ಅಂತ ಹೇಳಿ" ಎಂದೇ. ಚೆನ್ನಾಜಮ್ಮ ಕಿಟಕಿಯಿಂದ ಹಿಂದಕ್ಕೆ ನೋಡಿ, "ಬೇಗ ಬಾಪ್ಪ, ಬಿಸಿಲಲ್ಲಿ ನಿಂತಿದಾಳೆ" ಎಂದು ಮಗನಿಗೆ ವಿವರಿಸಿದರು. ಅವನು ಸ್ಟೀರಿಂಗು ಬಲಕ್ಕೆ ಎಳೆದ, ಕ್ಯಾರವಾನ್ ಅಡ್ಡಡ್ಡ ಹೊರಳಿತು. ಹಿಂದಿನ ಚಕ್ರ ಅಂಚನ್ನು ಮುಟ್ಟಿ, ನಾಲ್ಕು ಕಲ್ಲು ಜಾರಿ ಕೆಳಗೆ ಬಿದ್ದವು. ಅವು ನೆಲ ಮುಟ್ಟಿದ ಸದ್ದು ಬಹಳ ಹೊತ್ತು ಬರಲಿಲ್ಲ.

"ರೀ!"

ಅಷ್ಟೇ. ಆ ಒಂದು ಕೂಗಿಗೆ ಗಾಡಿ ನಿಂತಿತು. ಬಸ್ಸು, ಟಾರ್ಪಿನ್ನು, ಸೋಲುಗೆಲುವು, ಯಾವುದೂ ಅವಳ ತಲೆಯಲ್ಲಿ ಉಳಿಯಲಿಲ್ಲ.

"ಮುಂದಕ್ಕೆ ಸ್ವಲ್ಪ ಹೋಗಿ ನೆಟ್ಟಗೆ ಮಾಡ್ಕೊಳ್ಳಿ. ಹಾಂ. ಈಗ ಬಲಕ್ಕೆ."

"ಯಾರ ಬಲ? ಗಾಡಿಯ ಬಲವೋ, ನಿನ್ನ ಬಲವೋ, ಸ್ಟೀರಿಂಗಿನ ಬಲವೋ?"

"ಅಯ್ಯೋ, ಎಡ ಬಲ ಎಲ್ಲಾ ಬಿಟ್ಹಾಕ್ರೀ! ಕನ್ನಡೀಲಿ ನಾನು ಕಾಣ್ತಿದೀನಾ?"

"ಕಾಣ್ತಿದೀಯ."

"ಹಾಗಾದ್ರೆ ನನ್ನನ್ನೇ ನೋಡ್ಕೊಂಡು ನನ್ನ ಹತ್ರಕ್ಕೆ ಬನ್ನಿ. ಬರ್ಲಿ... ಬರ್ಲಿ... ಬರ್ಲಿ..."

ಊರಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಬಸ್ಸಿನ ಬೆನ್ನು ತಟ್ಟುತ್ತ ಕೂಗುವ ಅದೇ ರಾಗ. ತಾನು ಬಂಡೆಗೆ ಬೆನ್ನು ಮಾಡಿ, ಕ್ಯಾರವಾನ್ ಎಲ್ಲಿ ಬಂದು ನಿಲ್ಲಬೇಕೋ ಅಲ್ಲಿಗೆ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದಳು. ಬಾಯಿ ತೆರೆದದ್ದಾಯಿತು, ಇನ್ನು ಒಳಗಿದ್ದದ್ದು ಒಳಗೇ ಏಕಿರಬೇಕು?

"ಗಿಡ ಎಸೆಯೋವಾಗ ಇಷ್ಟು ನಿಧಾನ ಇರ್ಲಿಲ್ಲ ನೀವು. ಬರ್ಲಿ, ಬರ್ಲಿ."

"ಕಾನೂನು ಅಂದ್ರೆ ಕಾನೂನು ಕಣೇ."

"ಕಾನೂನಿಗೆ ಯಾರು ಬೇಡ ಅಂದ್ರು? ಬರ್ಲಿ. ಒಗ್ಗರಣೆ ಘಮಘಮ ಅಂದಾಗ ಗಿಡ ಮನೇದು, ಆಫೀಸರ್ ಮುಂದೆ ಮಾತ್ರ ಅದು ನನ್ನೊಬ್ಬಳದಾ? ಬರ್ಲಿ, ಬರ್ಲಿ... ಹೇಳಿ ಈಗ!"

ಗಾಡಿ ನೇರವಾಗಿ, ಅವಳ ಕಡೆಗೇ, ಬರುತ್ತಲೇ ಇತ್ತು.

"ನಮ್ಮದು ಅನ್ನಬೇಕಾಗಿತ್ತು" ಎಂದ ಪಂಚಾಕ್ಷರಿ. "ರೇಡಿಯೊ ಆರಿಸಿದ್ದೂ ತಪ್ಪು. ಅದು ನನ್ನೊಬ್ಬನದು" ಎಂದು ಸೇರಿಸಿದನಂತೆ. ಲೆಕ್ಕ ಸರಿಯಾಗಿರಬೇಕಲ್ಲ.

"ಸಾಕು, ನಿಲ್ಲಿ" ಎಂದಳು ಸರ್ವಮಂಗಳೆ. ಕ್ಯಾರವಾನಿನ ಹಿಂಬದಿ ಅವಳಿಂದ ಒಂದು ಮೊಳ ದೂರದಲ್ಲಿ, ಬಂಡೆಗೆ ಸಮನಾಗಿ ನಿಂತಿತು. ಮರುಕ್ಷಣ ಗ್ಲೆನಿಸಳ ಲಾರಿ ಗುಡ್ಡವೇ ಎದ್ದು ಬಂದಂತೆ ಪಕ್ಕದಲ್ಲಿ ಹಾದುಹೋಯಿತು, ಒಂದು, ಎರಡು, ಮೂರು ಟ್ರೇಲರು, ದನಗಳ ಮೂಗು ಕಂಬಿಗಳಿಂದ ಹೊರಗೆ. ಧೂಳು ಇಳಿದ ಮೇಲೆ ರೇಡಿಯೊದಲ್ಲಿ ಗ್ಲೆನಿಸಳ ದನಿ ಬಂತು. "ಬರ್ಲಿ ಬರ್ಲಿ!" ಎಂದು ಅದೇ ರಾಗದಲ್ಲಿ ಕೂಗಿ ದೊಡ್ಡದಾಗಿ ನಕ್ಕಳು. ಅವಳ ಹಿಂದೆ ದೂರದಲ್ಲಿದ್ದ ಇನ್ನೊಬ್ಬ, ಆಮೇಲೆ ಮತ್ತೊಬ್ಬ, ಆ ಬಯಲಿನ ಲಾರಿಯವರೆಲ್ಲ ಒಬ್ಬೊಬ್ಬರಾಗಿ ಬರ್ಲಿ ಬರ್ಲಿ ಎಂದರು. ಇಡೀ ಜಗಳವನ್ನು ಅವರೆಲ್ಲ ಕಿವಿತುಂಬ ಕೇಳಿದ್ದರು. ಒಂದು ಮಾತೂ ತಿಳಿಯದಿದ್ದರೂ ಏನು ನಡೆಯಿತೆಂದು ತಿಳಿಯದವರು ಒಬ್ಬರೂ ಇರಲಿಲ್ಲ ಎನ್ನುತ್ತಾರೆ. ಪಂಚಾಕ್ಷರಿಯ ಕಿವಿ ರಸ್ತೆಗಿಂತ ಕೆಂಪಾಯಿತು. ಸರ್ವಮಂಗಳೆ ಹೊಟ್ಟೆ ಹಿಡಿದುಕೊಂಡು ನಕ್ಕು ನೆಲದಲ್ಲೇ ಕೂತಳು. ಚೆನ್ನಾಜಮ್ಮ ಇಳಿದು ಬಂದು, "ನಾನಿಲ್ದಿದ್ರೆ ನೀವಿಬ್ರೂ ಮಾತಾಡೋರಾ?" ಎಂದು ಕೇಳಿ, ಬಂಡೆಯ ನೆರಳಿನಲ್ಲಿ ಎಲ್ಲರಿಗೂ ಮೊಸರನ್ನ ಕಲಸಿದರು. ಅದಕ್ಕೆ ಕರಿಬೇವು ಇರಲಿಲ್ಲ. ಟಾರ್ಪಿನ್ನಿನಲ್ಲಿ ಬಸ್ಸು ಬಂತು, ಹೋಯಿತು. ಅದರಲ್ಲಿ ಸರ್ವಮಂಗಳೆ ಹೋಗಲಿಲ್ಲ.

ಇಂದಿಗೂ ಆ ಇಳಿಜಾರಿಗೆ ಬರುವ ಲಾರಿಯವರು ಮೇಲಿಂದಾಗಲಿ ಕೆಳಗಿಂದಾಗಲಿ ರೇಡಿಯೊದಲ್ಲಿ ಬರ್ಲಿ ಬರ್ಲಿ ಎಂದು ಕೂಗಿ, ಒಂದು ಗಳಿಗೆ ಕಿವಿಗೊಟ್ಟು, ಎದುರು ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡೇ ಮುಂದುವರಿಯುತ್ತಾರೆ. ಸರ್ಕಾರದ ನಕ್ಷೆಯಲ್ಲಿ ಈ ಹೆಸರಿಲ್ಲ. ಸುಣ್ಣ ಬಳಿದ ಟೈರಿನ ಮೇಲೆ ಇದೆ. ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ ಯಾರೋ ಲಾರಿಯವರು ಅವಸರದಲ್ಲಿ ಗೀಚಿದ್ದು. ಅದರ ಕೆಳಗೆ ಕನ್ನಡದಲ್ಲಿ, ಅಡ್ಡಗೆರೆ ಎಳೆದು ಅಳೆದು ಬರೆದಂಥ ಅಕ್ಷರ, ಒಂದರಷ್ಟೇ ಇನ್ನೊಂದು. ಅದನ್ನು ಬರೆಯಲು ಮತ್ತೊಮ್ಮೆ ಅಷ್ಟು ದೂರ ಬಂದವರು ಯಾರೆಂದು ಊಹಿಸುವುದು ಕಷ್ಟವಲ್ಲ. ಆ ಎರಡು ಪದಗಳಿಗೂ ಮೊದಲು, ಸಾಲಿನಿಂದ ಹೊರಗೆ, ಬೇರೆಯ ಕೈಯಲ್ಲಿ, ಸೊಟ್ಟಗೆ ಒಂದೇ ಅಕ್ಷರವಿದೆ. ಅದೇನೆಂದು ಲಾರಿಯವರು ಬಂದುಹೋಗುವ ಕನ್ನಡದವರನ್ನು ಕೇಳುತ್ತಾರೆ. ಅದು ಹೆಸರಿನ ಭಾಗವಲ್ಲ. ಆದರೂ ಅಳತೆಯ ಮನುಷ್ಯ ಅದನ್ನು ಅಳಿಸದೆ ಹಾಗೇ ಬಿಟ್ಟಿದ್ದಾನೆ: "ರೀ".